ಆರು ತಾಸಿನ ಮಿಡಿ

ಈ ಮಾರ್ಚಿನಲ್ಲಿ ಒಂದು ದಿನ ತೀರ್ಥಹಳ್ಳಿಯ ಬಸ್ ನಿಲ್ದಾಣದ ಹೊರಗೆ ಹೆಂಗಸೊಬ್ಬರು ಗೋಣಿಚೀಲ ಹಾಸಿಕೊಂಡು ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಅಪ್ಪೆಮಿಡಿ ಮಾರುತ್ತಿದ್ದರು. ನಾನು ಕೊಳ್ಳಲು ನಿಂತವಳಲ್ಲ. ನನ್ನ ಮುಂದಿದ್ದ ಹಿರಿಯರೊಬ್ಬರು ಒಂದು ಮಿಡಿಯ ತೊಟ್ಟು ಮುರಿದು ಮೂಸಿ ನೋಡಿ, "ಜೀರಿಗೆ ವಾಸನೆ ಬರುತ್ತಾ ನೋಡಿ" ಎಂದು ನನ್ನ ಕಡೆ ಚಾಚಿದರು. ಮುರಿದ ಜಾಗದಿಂದ ಚಿಮ್ಮಿದ ಸೊನೆಯ ಒಂದು ಹನಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಬರುತ್ತದೆ ಎಂದೆ. ಅವರು ಅರ್ಧ ಚೀಲ ಕೊಂಡರು. ನಾನು ಬಸ್ಸು ಹತ್ತದೆ ಅಲ್ಲೇ ನಿಂತಿದ್ದೆ. ಸಂಜೆಯ ಹೊತ್ತಿಗೆ ಹೆಬ್ಬೆರಳಿನ ಮೇಲೆ ಸುಟ್ಟ ಹಾಗೆ ಕಂದು ಕಲೆಯಾಗಿತ್ತು. ಸೊನೆ ಬಿದ್ದರೆ ಹಾಗಾಗುವುದೇ. ಆದರೆ ನಾಲ್ಕು ವರ್ಷದಿಂದ ನಾನು ಅಪ್ಪೆಮಿಡಿಯನ್ನು ಕೈಯಲ್ಲಿ ಮುಟ್ಟಿರಲಿಲ್ಲ.

ಮರುದಿನ ಭಾನುವಾರ ಹೊಸನಗರದ ಬಸ್ಸು ಹಿಡಿದು, ಹಿಂದೆ ನಮಗೆ ಮಿಡಿ ಕೊಯ್ದುಕೊಡುತ್ತಿದ್ದ ಹೂವಪ್ಪಣ್ಣನ ಮನೆಗೆ ಹೋದೆ. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ಆ ವರ್ಷದ್ದನ್ನು ಹೇಳಬೇಕು. ನನಗೆ ನೆನಪಿರುವ ಕ್ರಮದಲ್ಲೇ ಹೇಳುತ್ತೇನೆ.

ಆಗ ನಾನು ಸಾಗರದಲ್ಲಿದ್ದೆ. ಊರ ಹೊರಗೆ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯನ್ನು ಬಾಡಿಗೆಗೆ ಹಿಡಿದು ಪ್ರಸನ್ನ ಎಂಬವರು ಉಪ್ಪಿನಕಾಯಿಯ ಕಂಪನಿ ಶುರುಮಾಡಿದ್ದರು. ಮೂವತ್ತೆರಡರ ಪ್ರಾಯ. ಮಂಗಳೂರಿನಲ್ಲಿ ಹಡಗಿಗೆ ಮಾಲು ಕಳಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿ ಬಂದವರು. ಹನ್ನೊಂದು ಹೆಂಗಸರು, ಒಂದು ಜೀಪು, ಒಂದು ತಣ್ಣನೆಯ ತೊಟ್ಟಿ, ಮತ್ತು ನಾನು. ನನ್ನ ಹೆಸರು ವಿದ್ಯಾ. ಗಿರಣಿಯವರು ಲೆಕ್ಕದ ಪುಸ್ತಕ ಇಡುತ್ತಿದ್ದ ಕೋಣೆಗೆ ಒಂದು ಸಿಂಕು ಹಾಕಿಸಿ, ಹುಳಿ ಅಳೆಯುವ ಒಂದು ಯಂತ್ರ ಇಟ್ಟು, ಬಾಗಿಲಿಗೆ 'ಲ್ಯಾಬ್' ಎಂದು ಬರೆಸಿದ್ದರು. ಅದು ನನ್ನದು.

ನಮ್ಮ ಕಡೆಯ ಉಪ್ಪಿನಕಾಯಿ ಹೊರದೇಶಕ್ಕೆ ಹೋಗುವುದು ಹೊಸದೇನಲ್ಲ. ಆದರೆ ಅದು ಹೋಗುತ್ತಿದ್ದದ್ದು ಅಲ್ಲಿರುವ ನಮ್ಮವರ ಅಂಗಡಿಗಳಿಗೆ. ಆ ಕಪಾಟುಗಳು ದೊಡ್ಡ ಕಂಪನಿಗಳ ಬಾಟಲಿಗಳಿಂದ ತುಂಬಿದ್ದವು. ಪ್ರಸನ್ನರ ಕಣ್ಣಿದ್ದದ್ದು ಆ ದೇಶದವರೇ ಹೋಗುವ ಅಂಗಡಿಯ ಮೇಲೆ, ಆಲಿವ್ ಕಾಯಿ ಇಡುವ ಕಪಾಟಿನ ಮೇಲೆ. ಕೆಲಸಕ್ಕೆ ಸೇರಿದ ದಿನ ನನಗೆ ಅವರು ಹೇಳಿದ್ದು ಇಷ್ಟು:

"ನೋಡು ವಿದ್ಯಾ, ಅಲ್ಲಿ ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಹೆಸರಿಲ್ದೋರು ಎಲ್ಲರ ಹತ್ರ ಇರೋ ಸಾಮಾನನ್ನೇ ತಗಂಡು ಹೋದ್ರೆ ಬಾಗ್ಲಲ್ಲೇ ನಿಲ್ಲಿಸಿ ಕಳಿಸ್ತಾರೆ. ಹೊಸದು ಏನಾದ್ರೂ ಇದ್ರೆ ಮಾತ್ರ ಒಳಗೆ ಕರೆದು ಕೂರಿಸ್ತಾರೆ."

ಅವರಿಗೆ ಬೇಕಾಗಿದ್ದ ಹೊಸದು ಉಪ್ಪು ಕಡಿಮೆಯ ಮಿಡಿ. ನಾವು ಅನ್ನದ ಜೊತೆ ಒಂದು ಮಿಡಿಯನ್ನು ಸ್ವಲ್ಪ ಸ್ವಲ್ಪ ಕಚ್ಚಿಕೊಳ್ಳುತ್ತೇವೆ. ಅಲ್ಲಿಯವರು ಆಲಿವ್ ಕಾಯಿಯ ಹಾಗೆ ಇಡೀ ಮಿಡಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಭರಣಿಯ ಉಪ್ಪು ಅವರಿಗೆ ಆಗದು. ಆದರೆ ಮಿಡಿಯನ್ನು ವರ್ಷಗಟ್ಟಲೆ ಕಾಯುವುದೇ ಆ ಉಪ್ಪು. ಅದನ್ನು ತೆಗೆದರೆ ಮಿಡಿ ಮೆತ್ತಗಾಗಿ ಕೊಳೆಯುತ್ತದೆ. ನಾನು ಒಂದು ಇಡೀ ಹಂಗಾಮು ಇದಕ್ಕಾಗಿ ಕೂತೆ. ತೊಟ್ಟು ಮುರಿಯದೆ, ಸೊನೆ ಒಳಗೇ ಇರುವ ಹಾಗೆ ಕೊಯ್ದ ಮಿಡಿಯನ್ನು ತಡಮಾಡದೆ ತಣ್ಣನೆಯ ಹುಳಿನೀರಿಗೆ ಹಾಕಿದರೆ ಅರ್ಧಕ್ಕಿಂತ ಕಡಿಮೆ ಉಪ್ಪಿನಲ್ಲೂ ಅದು ಗಟ್ಟಿಯಾಗಿ ಉಳಿಯುತ್ತಿತ್ತು.

ತಡಮಾಡದೆ ಎಂದರೆ ಎಷ್ಟು ಹೊತ್ತು? ಅದನ್ನೂ ನೋಡಿದೆ. ಒಂದೇ ಮರದ ಮಿಡಿಯನ್ನು ಪಾಲು ಮಾಡಿ, ಕೊಯ್ದು ನಾಲ್ಕು ತಾಸಿಗೆ, ಆರಕ್ಕೆ, ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ಹುಳಿನೀರಿಗೆ ಹಾಕಿ ಬಾಟಲಿಗಳಲ್ಲಿ ಇಟ್ಟೆ. ಮೂರು ತಿಂಗಳ ಮೇಲೆ ತೆರೆದೆ. ಹತ್ತು ತಾಸಿನವು ಕಚ್ಚಿದರೆ ಕಟುಕ್ ಎನ್ನುತ್ತಿದ್ದವು. ಹನ್ನೆರಡರಲ್ಲಿ ಕೆಲವು ಮೆತ್ತಗಾಗಿದ್ದವು. ಅಂದರೆ ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎಲ್ಲೋ ಕೆಡಲು ಶುರುವಾಗುತ್ತದೆ.

ನಾನು ಕಂಪನಿಯ ನಿಯಮದ ಹಾಳೆಯಲ್ಲಿ ಆರು ಎಂದು ಬರೆದೆ.

ಯಾಕೆ ಎಂದು ಆಗ ಕೇಳಿದ್ದರೆ ಕಾರಣ ಹೇಳುತ್ತಿದ್ದೆ. ನಾನು ನೋಡಿದ್ದು ಒಂದೇ ಮರ, ಒಂದೇ ಹಂಗಾಮು. ಬೇರೆ ಮರದ ಮಿಡಿ ಬೇರೆ ರೀತಿ ವರ್ತಿಸಬಹುದು. ಹಳೆಯ ಕಂಪನಿಯ ಒಂದು ಕಂಟೇನರು ಪರದೇಶದ ಬಂದರಿನಲ್ಲಿ ತಿರಸ್ಕಾರವಾದರೆ ಅವರು ಇನ್ನೊಂದು ಕಳಿಸುತ್ತಾರೆ. ನಮ್ಮದು ತಿರಸ್ಕಾರವಾದರೆ ನಾವು ಅಲ್ಲಿಗೆ ಮುಗಿದೆವು. ಎಂಟು ಎಂದು ಬರೆಯಬಹುದಿತ್ತು. ಆರು ಎಂದರೆ ನಾನು ನಿಶ್ಚಿಂತೆಯಾಗಿರಬಹುದಿತ್ತು. ಪ್ರಸನ್ನ ಹಾಳೆ ನೋಡಿ, "ಆರು ಸಾಕಾ ಮಾರಾಯ್ತಿ? ಇನ್ನೂ ಬಿಗಿ ಬೇಕಾ?" ಎಂದು ಕೇಳಿದರು. ಸಾಕು ಎಂದೆ. ಸಡಿಲ ಮಾಡಬಹುದೇ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಪ್ರಸನ್ನ ಅದಕ್ಕೆ ಇನ್ನೊಂದು ಹೊಸದನ್ನು ಸೇರಿಸಿದರು. ಪ್ರತಿ ಬಾಟಲಿಯ ಹಿಂದೆ ಒಂದು ಚೌಕದ ಗುರುತು. ಮೊಬೈಲಿನಲ್ಲಿ ತೋರಿಸಿದರೆ ಆ ಮಿಡಿ ಯಾವ ಹೊಳೆಯ ದಂಡೆಯ ಯಾವ ಮರದ್ದು, ಕೊಯ್ದವರು ಯಾರು, ಮೊದಲ ಮಿಡಿ ಮರದಿಂದ ಇಳಿದದ್ದು ಎಷ್ಟು ಗಂಟೆಗೆ, ತೊಟ್ಟಿಗೆ ಬಿದ್ದದ್ದು ಎಷ್ಟು ಗಂಟೆಗೆ, ಎಲ್ಲ ಬರುತ್ತಿತ್ತು. ಕೊಯ್ದವರ ಫೋಟೋ ಕೂಡ. ಮರದ ಕೆಳಗೆ ನಿಂತವರ ಮೊಬೈಲಿನಲ್ಲಿ ಮೊದಲ ಚೀಲ ಇಳಿದ ಕೂಡಲೇ ಒಂದು ಗುಂಡಿ ಒತ್ತಬೇಕು. ಅಲ್ಲಿಂದ ಗಡಿಯಾರ ಓಡುತ್ತದೆ. ಆರು ತಾಸಿನೊಳಗೆ ತೊಟ್ಟಿಗೆ ಬಂದರೆ ಹಸಿರು, ದಾಟಿದರೆ ಕೆಂಪು. ಕೆಂಪು ಬಂದರೆ ಇಡೀ ಮರದ ಮಿಡಿ ಊರಿನ ಮಾರುಕಟ್ಟೆಗೆ, ಹಡಗಿಗಲ್ಲ.

ಮೊದಲ ವರ್ಷ ಸಣ್ಣ ಕಂಟೇನರು ಹೋಯಿತು. ಮಳೆಗಾಲ ಮುಗಿಯುವ ಮುಂಚೆ ಅಲ್ಲಿನ ಅಂಗಡಿಯವರ ಪತ್ರ ಬಂತು. ಉಪ್ಪು ಕಡಿಮೆ ಎಂಬುದನ್ನು ಅವರು ಒಂದೇ ಸಾಲಿನಲ್ಲಿ ಹೊಗಳಿದ್ದರು. ಉಳಿದದ್ದೆಲ್ಲ ಮರದ ಬಗ್ಗೆ, ಫೋಟೋದ ಬಗ್ಗೆ. ಗಿರಾಕಿಗಳು 'ಆ ಮರದ ಮನುಷ್ಯ' ಬೇಕು ಎಂದು ಕೇಳಿ ಕೊಳ್ಳುತ್ತಿದ್ದಾರೆ, ಮುಂದಿನ ವರ್ಷಕ್ಕೆ ಮೂರು ಪಟ್ಟು ಬೇಕು, ಕಳಿಸಬಲ್ಲಿರಾ ಎಂದು ಕೇಳಿದ್ದರು. ಕಳಿಸುತ್ತೇವೆ ಎಂದು ಪ್ರಸನ್ನ ಅರ್ಧ ಗಂಟೆಯಲ್ಲಿ ಉತ್ತರ ಬರೆದರು.

ಆ ಮರದ ಮನುಷ್ಯ ಹೂವಪ್ಪಣ್ಣ. ಹೊಸನಗರದ ಕಡೆ ಶರಾವತಿಗೆ ಸೇರುವ ಹಳ್ಳವೊಂದರ ಆಚೆ ಅವರ ಮನೆ. ಐವತ್ತರ ಆಸುಪಾಸು, ಸಣಕಲು ಮೈ, ಬೂದು ಮೀಸೆ. ಹದಿನೆಂಟನೆಯ ವರ್ಷದಿಂದ ಮಿಡಿ ಕೊಯ್ಯುತ್ತಿದ್ದರು. ಹೆಂಡತಿ ಗಿರಿಜಕ್ಕ ಮರದ ಕೆಳಗೆ ಕೂತು ಇಳಿದ ಚೀಲದಿಂದ ಎಲೆ ಕಡ್ಡಿ ತೆಗೆದು, ತೊಟ್ಟು ಮುರಿದದ್ದನ್ನು ಬೇರೆ ಮಾಡುತ್ತಿದ್ದರು. ಆ ಪತ್ರದ ಸುದ್ದಿಯನ್ನು ನಾನೇ ಹೋಗಿ ಹೇಳಿದಾಗ ಹೂವಪ್ಪಣ್ಣ ನಕ್ಕದ್ದು ಚೆನ್ನಾಗಿ ನೆನಪಿದೆ.

"ನನ್ನ ಮುಖ ನೋಡಿ ಉಪ್ಪಿನಕಾಯಿ ತಿಂತಾರಾ ಅವ್ರು? ಹಸಿವು ಹೋಗಲ್ವಾ ಲ್ಯಾಬಮ್ಮಾ?"

"ಮೂವತ್ತು ವರ್ಷ ಈ ಮುಖ ನೋಡ್ಕಂಡೇ ನಾ ಊಟ ಮಾಡಿದೀನಿ. ಬದ್ಕಿಲ್ವಾ?" ಎಂದರು ಗಿರಿಜಕ್ಕ ಒಳಗಿನಿಂದ.

ಹೂವಪ್ಪಣ್ಣ ಓದಿದವರಲ್ಲ. ಆದರೆ ಮೊಬೈಲಿನ ಬಣ್ಣ ಅವರಿಗೆ ಬೇಗ ಅರ್ಥವಾಯಿತು. ಮೊದಲ ಸಲ ಗಡಿಯಾರ ಓಡುವುದನ್ನು ನೋಡಿ, "ಇದಕ್ಕೆ ಯಾಕೆ ಇಷ್ಟು ಅರ್ಜೆಂಟು? ಹೆರಿಗೆ ನೋವು ಬಂದಿದ್ಯಾ?" ಎಂದಿದ್ದರು. ಆಮೇಲೆ ಅವರೇ ಮರದ ಮೇಲಿಂದ, "ಎಷ್ಟಾತು?" ಎಂದು ಕೂಗಿ ಕೇಳುವುದು ಅಭ್ಯಾಸವಾಯಿತು.

ಮಿಡಿ ಕೊಯ್ಯುವವರ ಕೆಲಸದ ರೀತಿಯನ್ನು ಇಲ್ಲಿ ಹೇಳಬೇಕು. ಹೊಳೆದಂಡೆಯ ಅಪ್ಪೆಮಾವಿನ ಮರಗಳು ಎತ್ತರ. ಕೆಳಗಿನ ಅರ್ಧಕ್ಕೆ ಕೊಂಬೆಯೇ ಇರುವುದಿಲ್ಲ. ಬಿದಿರಿನ ಏಣಿ ಕಟ್ಟಿ ಹತ್ತಬೇಕು. ಮೇಲೆ ಹೋದ ಮೇಲೆ ಕಾಲು, ಕೈ, ಮತ್ತು ಸೊಂಟಕ್ಕೆ ಸಿಕ್ಕಿಸಿದ ಚೀಲ. ತುಂಬಿದ ಚೀಲವನ್ನು ಹಗ್ಗದಲ್ಲಿ ಕೆಳಗಿಳಿಸುತ್ತಾರೆ. ಹತ್ತುವ ಮೊದಲು ಅವರು ಕಾಂಡಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದು ನಮಸ್ಕಾರವಲ್ಲ. ತೊಗಟೆಯಲ್ಲಿ ಎಷ್ಟು ತೇವವಿದೆ ಎಂದು ನೋಡುವುದು. ಒಂದು ಮರಕ್ಕೆ ಎರಡು ಸಲವಾದರೂ ಇಳಿದು, ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಕಾಲು ನೀಡಿ ಕೂತು ಮತ್ತೆ ಹತ್ತುತ್ತಾರೆ. ನಡುವೆ ಮಳೆ ಬಿದ್ದರೆ ಇಳಿದುಬಿಡುತ್ತಾರೆ. ಬಿಸಿಲು ಬಂದು ತೊಗಟೆ ಒಣಗುವವರೆಗೆ ಕಾಯುತ್ತಾರೆ, ಎರಡು ತಾಸೋ ಮೂರು ತಾಸೋ. ಆ ಹೊತ್ತಿನಲ್ಲಿ ಹತ್ತು ಅಂತ ಯಾರೂ ಹೇಳುವುದಿಲ್ಲ. ಕೊಯ್ಯುವವರೂ ಆಗಲ್ಲ ಎನ್ನುವುದಿಲ್ಲ. "ಮರ ಇನ್ನೂ ಹಸಿ ಇದೆ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಒಂದು ದೊಡ್ಡ ಮರ ಕೊಯ್ಯಲು ನಾಲ್ಕು ತಾಸು ಬೇಕು. ಹೊಳೆಯಿಂದ ರಸ್ತೆಗೆ ಹೊತ್ತು, ಜೀಪಿನಲ್ಲಿ ಸಾಗರಕ್ಕೆ ತರಲು ಒಂದೂವರೆ. ಆರರಲ್ಲಿ ಉಳಿಯುವುದು ಅರ್ಧ ತಾಸು. ನಾನು ಬರೆದ ಸಂಖ್ಯೆಯೊಳಗೆ ಕಾಲು ನೀಡಿ ಕೂರುವುದಕ್ಕೆ ಜಾಗವಿರಲಿಲ್ಲ. ಈ ಲೆಕ್ಕ ನಾನು ಆಗ ಹಾಕಲಿಲ್ಲ. ನಾನು ಹಾಕಿದ್ದು ಮಿಡಿಯ ಲೆಕ್ಕ ಮಾತ್ರ.

ಎರಡನೆಯ ವರ್ಷ ಬಂತು. ಫೆಬ್ರವರಿ ಕೊನೆಗೆ ಮಿಡಿ ಶುರು. ಮಿಡಿ ಬೇಕಾದ ಗಾತ್ರದಲ್ಲಿ ಸಿಗುವುದು ಮೂರು ವಾರ. ಆಮೇಲೆ ಒಳಗಿನ ಗೊರಟು ಬಲಿತು ಕೆಲಸಕ್ಕೆ ಬರುವುದಿಲ್ಲ. ಬೇಡಿಕೆ ಮೂರು ಪಟ್ಟಾಗಿತ್ತು. ಮರಗಳೂ ದಿನಗಳೂ ಅಷ್ಟೇ ಇದ್ದವು. ನಮ್ಮ ಹೊಸತನ ಪರದೇಶದಲ್ಲಿ ಗೆದ್ದಿತ್ತು. ಗೆದ್ದದ್ದರ ಒತ್ತಡ ಎಲ್ಲಿ ಬೀಳುತ್ತದೆ ಎಂದು ನಾವು ಯಾರೂ ನೋಡಿರಲಿಲ್ಲ. ಅದು ಬಿದ್ದದ್ದು ಹೊಳೆದಂಡೆಯ ಮರಗಳ ಮೇಲಿದ್ದ ಆರೇಳು ಜನರ ಮೇಲೆ. ಅವರು ನಡುವೆ ಇಳಿಯುವುದನ್ನು ಬಿಟ್ಟರು. ಪ್ರಸನ್ನ ಕೆಟ್ಟವರಲ್ಲ. ಆ ವರ್ಷ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟುಗಳನ್ನು ತರಿಸಿದ್ದರು. ಒಂದೊಂದು ಕೊಂಬೆಗೂ ಅದನ್ನು ಬಿಚ್ಚಿ ಮತ್ತೆ ಸಿಕ್ಕಿಸಬೇಕು. ಒಂದು ಮರಕ್ಕೆ ಒಂದು ತಾಸು ಹೆಚ್ಚು ಹಿಡಿಯುತ್ತಿತ್ತು. ಬೆಲ್ಟುಗಳು ಜೀಪಿನ ಸೀಟಿನ ಹಿಂದೆ ಇದ್ದವು.

ಮಾರ್ಚಿನ ಕೊನೆಯಲ್ಲಿ ಒಂದು ಮರದಷ್ಟು ಮಾತ್ರ ಕಡಿಮೆ ಬಿತ್ತು. ಕಂಟೇನರಿಗೆ ದಿನ ಗೊತ್ತಾಗಿತ್ತು. ಹೂವಪ್ಪಣ್ಣನ ಹಳ್ಳದ ಮೇಲಿನ ಒಂದು ಮರದ ಮಿಡಿ ಇನ್ನೂ ಎಳೆಯದಾಗಿತ್ತು, ಒಳ್ಳೆಯ ಜೀರಿಗೆ ವಾಸನೆಯದು. ಆ ಮರವೊಂದು ಬಂದರೆ ಮುಗಿಯಿತು. ಆ ದಿನ ನಾನೂ ಜೀಪಿನಲ್ಲಿ ಹೋದೆ, ಕೊನೆಯ ಮರದ ಮಿಡಿಯನ್ನು ಅಲ್ಲೇ ನೋಡಿ ಆರಿಸೋಣ ಎಂದು.

ಮೊದಲ ಚೀಲ ಏಳು ಗಂಟೆ ಐದು ನಿಮಿಷಕ್ಕೆ ಇಳಿಯಿತು. ಗುಂಡಿ ಒತ್ತಿದ್ದು ನಾನು. ಬೆಳಗು ಚೆನ್ನಾಗಿತ್ತು. ಹೂವಪ್ಪಣ್ಣ ಮೇಲಿಂದ ಗಿರಿಜಕ್ಕನಿಗೆ, "ಲ್ಯಾಬಮ್ಮ ಬಂದಿದಾರೆ, ಇವತ್ತಾದ್ರೂ ಬಾಯಿ ಮುಚ್ಕಂಡು ಕೆಲ್ಸ ಮಾಡು" ಎಂದು ಕೂಗಿದರು. "ಬಾಯಿ ಮುಚ್ಚಿದ್ರೆ ನಿಮಗೆ ಎಷ್ಟಾತು ಅಂತ ಹೇಳೋರು ಯಾರು?" ಎಂದರು ಇವರು. ಒಂಬತ್ತು ಇಪ್ಪತ್ತರ ಹೊತ್ತಿಗೆ ಮೋಡ ಕವಿದು ಮಳೆ ಬಂತು. ಆ ಕಾಲದಲ್ಲಿ ಬರುವ ಮಾವಿನ ಮಳೆ. ಕಾಲು ಗಂಟೆ ಸುರಿದು ನಿಂತುಹೋಯಿತು. ಮೊದಲ ಹನಿಗೇ ಹೂವಪ್ಪಣ್ಣ ಇಳಿದಿದ್ದರು. ಮರದ ಅರ್ಧ ಮಾತ್ರ ಆಗಿತ್ತು.

ಮಳೆ ನಿಂತ ಮೇಲೆ ಅವರು ಕಾಂಡಕ್ಕೆ ಅಂಗೈ ಒತ್ತಿ ನಿಂತರು. ಸ್ವಲ್ಪ ಹೆಚ್ಚು ಹೊತ್ತೇ ನಿಂತರು.

"ಮರ ಹಸಿ ಇದೆ" ಎಂದರು.

"ಹಂಗಾರೆ ಕೂತ್ಕಳಿ" ಎಂದು ಗಿರಿಜಕ್ಕ ಎಲೆ ಅಡಿಕೆಯ ಚೀಲ ಬಿಚ್ಚಿದರು.

ಹೂವಪ್ಪಣ್ಣ ಕೂರಲಿಲ್ಲ. ನನ್ನ ಕಡೆ ತಿರುಗಿದರು. "ಎರಡು ತಾಸು ಕಾದ್ರೆ ಒಣಗ್ತದೆ. ಕಾಯಬೋದಾ ಲ್ಯಾಬಮ್ಮ?"

ನಾನು ಮೊಬೈಲು ನೋಡಿದೆ. ಎರಡೂವರೆ ತಾಸು ದಾಟಿತ್ತು. ಎರಡು ತಾಸು ಕಾದು, ಉಳಿದರ್ಧ ಕೊಯ್ದು, ಸಾಗರಕ್ಕೆ ಮುಟ್ಟುವಾಗ ಎಂಟು ತಾಸಾಗುತ್ತದೆ. ಇದನ್ನು ನಾನು ಅಲ್ಲೇ ಮನಸ್ಸಿನಲ್ಲಿ ಕೂಡಿಸಿದ್ದೆ. ಎಂಟು ಹತ್ತರೊಳಗೆ. ಮಿಡಿಗೆ ಏನೂ ಆಗುವುದಿಲ್ಲ ಎಂದು ಆ ಹಳ್ಳದ ದಂಡೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಆದರೆ ಗಡಿಯಾರಕ್ಕೆ ಆರು ಎಂದು ಹೇಳಿಕೊಟ್ಟಿದ್ದೆ. ಎಂಟಕ್ಕೆ ಅದು ಕೆಂಪಾಗುತ್ತದೆ. ಕೆಂಪಾದ ಮರವನ್ನು ಹಸಿರು ಮಾಡಬೇಕಾದರೆ ಪ್ರಸನ್ನರಿಗೆ ಹೇಳಬೇಕು, ಹಾಳೆ ತಿದ್ದಬೇಕು, ಅಲ್ಲಿಯವರಿಗೆ ಬರೆಯಬೇಕು, ಇಷ್ಟು ದಿನ ಆರು ಎಂದದ್ದು ಯಾಕೆ ಎಂದು ಹೇಳಬೇಕು. ಕೊಯ್ದಷ್ಟನ್ನೇ ಕಳಿಸಬಹುದಿತ್ತು. ಆಗ ಕಂಟೇನರು ಕಡಿಮೆ ಬೀಳುತ್ತಿತ್ತು.

"ಎರಡು ತಾಸು ಕಾದ್ರೆ ಆರು ದಾಟುತ್ತೆ ಹೂವಪ್ಪಣ್ಣ" ಎಂದೆ.

ನಾನು ಹೇಳಿದ್ದು ಅಷ್ಟೇ. ಹತ್ತಿ ಎನ್ನಲಿಲ್ಲ. ಬೇಡ ಎಂದೂ ಎನ್ನಲಿಲ್ಲ.

ಅವರು ಟವೆಲಿನಲ್ಲಿ ಅಂಗಾಲು ಒರೆಸಿಕೊಂಡರು, ಒಂದಾದ ಮೇಲೆ ಒಂದು. "ಮೇಲಿನ ಕೊಂಬೆ ಬಿಸಿಲಿಗಿದೆ, ಅಷ್ಟು ಹಸಿ ಇರಲಿಕ್ಕಿಲ್ಲ" ಎಂದರು. ಗಿರಿಜಕ್ಕ, "ಬ್ಯಾಡ, ಬನ್ನಿ ಈ ಕಡೆ" ಎಂದರು. ಅವರು ಹತ್ತಿದರು.

ಹತ್ತೂವರೆಯ ಸುಮಾರಿಗೆ ನಾನು ತಲೆ ಬಗ್ಗಿಸಿ ಮಿಡಿ ಆರಿಸುತ್ತಿದ್ದೆ. ಕೊಂಬೆ ಮುರಿದ ಸದ್ದಿರಲಿಲ್ಲ, ಕೂಗೂ ಇರಲಿಲ್ಲ. ನೆಲಕ್ಕೆ ಏನೋ ಬಿದ್ದ ಸದ್ದು ಮಾತ್ರ. ನಾನು ಅದನ್ನು ಚೀಲ ಎಂದುಕೊಂಡೆ. ಹಗ್ಗ ಜಾರಿ ಚೀಲ ಬಿತ್ತು, ಮಿಡಿ ಜಜ್ಜಿಹೋಯಿತು ಎಂಬುದು ನನಗೆ ಮೊದಲು ಬಂದ ಯೋಚನೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹೂವಪ್ಪಣ್ಣನಿಗೆ ಎಚ್ಚರವಿತ್ತು. ಕಣ್ಣು ತೆರೆದಿದ್ದವು. "ಕಾಲು ಎಲ್ಲಿ ಹೋದ್ವು ನೋಡೇ" ಎಂದು ಗಿರಿಜಕ್ಕನನ್ನು ಕೇಳಿದರು. ಕಾಲುಗಳು ಅಲ್ಲೇ ಇದ್ದವು. ಗಿರಿಜಕ್ಕ ಅವುಗಳನ್ನು ಹಿಡಿದುಕೊಂಡೇ ಕೂತಿದ್ದರು. ಹಿಡಿದದ್ದು ಹೂವಪ್ಪಣ್ಣನಿಗೆ ತಿಳಿಯುತ್ತಿರಲಿಲ್ಲ.

ಜೀಪಿನ ಡ್ರೈವರನ್ನೂ ಕರೆದು, ಏಣಿಯ ಮೇಲೆ ಮಲಗಿಸಿ ರಸ್ತೆಗೆ ಹೊತ್ತೆವು. ಜೀಪಿನ ಹಿಂಭಾಗದಲ್ಲಿ ಮಿಡಿಯ ಚೀಲಗಳು ಆಗಲೇ ತುಂಬಿದ್ದವು. ಇಳಿಸುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಚೀಲಗಳನ್ನು ಪಕ್ಕಕ್ಕೆ ಒತ್ತಿ ನಡುವೆ ಏಣಿಯನ್ನು ಇಟ್ಟೆವು. ಹೊಸನಗರದ ಆಸ್ಪತ್ರೆಯಲ್ಲಿ ನೋಡಿ ಕೂಡಲೇ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ನಾನೂ ಗಿರಿಜಕ್ಕನೂ ಅದರಲ್ಲಿ ಹೋದೆವು. ಗಿರಿಜಕ್ಕನ ಕೈಗೆ ಹತ್ತಿದ್ದ ಸೊನೆಯಿಂದ ಆಂಬುಲೆನ್ಸಿನ ಒಳಗೆಲ್ಲ ಜೀರಿಗೆ ವಾಸನೆ ತುಂಬಿತ್ತು.

ಖಾಲಿಯಾದ ಜೀಪನ್ನು ಡ್ರೈವರ್ ರಮೇಶ ಸಾಗರಕ್ಕೆ ಓಡಿಸಿಕೊಂಡು ಹೋಗಿದ್ದ. ಖಾಲಿ ಎಂದೆ, ಚೀಲಗಳಿದ್ದವು. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಿರಲಿಲ್ಲ. ಅಲ್ಲಿದ್ದ ಹೆಂಗಸರಿಗೆ ಏನಾಯಿತೆಂದು ಗೊತ್ತಿರಲಿಲ್ಲ. ಎಂದಿನಂತೆ ಚೀಲ ಇಳಿಸಿ, ತೊಳೆದು, ತೊಟ್ಟಿಗೆ ಹಾಕಿದರು. ನನ್ನ ಮೊಬೈಲು ಶಿವಮೊಗ್ಗದ ದಾರಿಯಲ್ಲಿ, ಆಂಬುಲೆನ್ಸಿನ ಒಳಗೆ ಒಮ್ಮೆ ಸದ್ದು ಮಾಡಿತು. ಹನ್ನೆರಡು ಇಪ್ಪತ್ತೈದು. ಐದು ತಾಸು ಇಪ್ಪತ್ತು ನಿಮಿಷ. ಹಸಿರು.

ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ನಾಲ್ಕನೆಯ ದಿನ ಹೇಳಿದರು. ಪ್ರಸನ್ನ ಹತ್ತು ದಿನ ಆಸ್ಪತ್ರೆಯಲ್ಲೇ ಇದ್ದರು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಚಹಾ ಮುಂದಿಟ್ಟುಕೊಂಡು ಕುಡಿಯದೆ ನನ್ನನ್ನು ಕೇಳಿದರು: "ಆರು ತಾಸು ಬಿಟ್ರೆ ಬೇರೆ ದಾರಿ ಇರ್ಲಿಲ್ಲ ಅಲ್ದಾ ವಿದ್ಯಾ?"

"ಇರ್ಲಿಲ್ಲ" ಎಂದೆ.

ಸ್ವಲ್ಪ ಕಡಿಮೆ ಬಿದ್ದರೂ ಕಂಟೇನರು ಗೊತ್ತಾದ ದಿನವೇ ಹೋಯಿತು. ಆ ಮರದ ಮಿಡಿಯೂ ಅದರಲ್ಲಿತ್ತು. ಒಂದು ಬಾಟಲಿಯೂ ಕೆಡಲಿಲ್ಲ. ಅಲ್ಲಿಯವರು ಮುಂದಿನ ವರ್ಷಕ್ಕೆ ಇನ್ನೂ ಹೆಚ್ಚು ಕೇಳಿದರು. ಮುಂದಿನ ವರ್ಷ ಬೆಲ್ಟು ಕಟ್ಟದೆ ಯಾರೂ ಹತ್ತಬಾರದೆಂದು, ಮಳೆ ಬಿದ್ದ ದಿನ ಕೊಯ್ಯಬಾರದೆಂದು ಪ್ರಸನ್ನ ನಿಯಮ ಮಾಡಿದರು. ನಾನು ಹಾಳೆಯಲ್ಲಿ ಆರನ್ನು ಹೊಡೆದು ಒಂಬತ್ತು ಎಂದು ಬರೆದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಮಿಡಿ ಕೆಡಲಿಲ್ಲ.

ಅದರ ಮರುವರ್ಷ ಬೇರೆ ಕಂಪನಿಗಳೂ ಉಪ್ಪು ಕಡಿಮೆಯ ಮಿಡಿ ತಂದವು. ಚೌಕದ ಗುರುತೂ ಬಂತು, ಫೋಟೋಗಳೂ ಬಂದವು. ಅವರ ಮಿಡಿ ಕಸಿ ಕಟ್ಟಿದ ಗಿಡ್ಡ ಗಿಡಗಳದ್ದು, ನೆಲದ ಮೇಲೆ ನಿಂತೇ ಕೈಗೆ ಸಿಗುವಂಥದ್ದು. ಅಗ್ಗವೂ ಆಗಿತ್ತು. ನಮ್ಮ ಹೊಸದು ಹೊಸದಾಗಿ ಉಳಿದದ್ದು ಮೂರು ಹಂಗಾಮು. ಅಲ್ಲಿಯವರು ಮರ್ಯಾದೆಯಿಂದಲೇ ಪತ್ರ ಬರೆದು ಕೊಳ್ಳುವುದನ್ನು ನಿಲ್ಲಿಸಿದರು. ಗಿರಣಿಗೆ ಮತ್ತೆ ಬೀಗ ಬಿತ್ತು. ನಾನು ತೀರ್ಥಹಳ್ಳಿಗೆ ಬಂದು ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಆಹಾರ ಎಷ್ಟು ಹೊತ್ತು ಕೆಡದೆ ಇರುತ್ತದೆ ಎಂಬುದು ನನ್ನ ಪಾಠಗಳಲ್ಲಿ ಒಂದು.

ಭಾನುವಾರ ಬಸ್ಸಿಳಿದು ಹಳ್ಳ ದಾಟಿ ಹೋದಾಗ ಹತ್ತು ಗಂಟೆಯಾಗಿತ್ತು. ಹೂವಪ್ಪಣ್ಣ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಗಾಲಿಕುರ್ಚಿ. ಮುಂದೆ ಎರಡು ರಾಶಿ ಮಿಡಿ. ಊರಿನವರು ಕೊಯ್ದ ಮಿಡಿಯನ್ನು ಈಗ ಅವರ ಹತ್ತಿರ ಆರಿಸಲು ತಂದು ಹಾಕುತ್ತಾರಂತೆ.

"ಲ್ಯಾಬಮ್ಮ ಬಂದ್ರಾ" ಎಂದರು. "ಗಡಿಯಾರ ತಂದಿದೀರಾ?"

ಗಿರಿಜಕ್ಕ ಬಾಗಿಲಲ್ಲಿ ನಿಂತು ನೋಡಿದರು. "ಈಗ ದಾರಿ ಗೊತ್ತಾತಾ?" ಎಂದು ಒಳಗೆ ಹೋದರು. ಕಾಫಿಗೆ ನೀರಿಟ್ಟ ಸದ್ದು ಕೇಳಿಸಿತು.

ನಾನು ಬರುವಾಗ ಎಲ್ಲವನ್ನೂ ಕ್ರಮವಾಗಿ ಹೇಳಬೇಕೆಂದುಕೊಂಡಿದ್ದೆ. ಕ್ರಮ ಉಳಿಯಲಿಲ್ಲ. ಮಿಡಿ ಹತ್ತು ತಾಸು ತಡೆಯುತ್ತಿತ್ತು ಎಂದೆ. ಆರು ಎಂದು ಬರೆದದ್ದು ನಾನು, ಆ ದಿನ ಎರಡು ತಾಸು ಕಾದಿದ್ದರೂ ಎಂಟೇ ಆಗುತ್ತಿತ್ತು, ಅದು ನನಗೆ ಅಲ್ಲೇ ಗೊತ್ತಿತ್ತು ಎಂದೆ. ಬಿದ್ದ ಸದ್ದನ್ನು ಚೀಲ ಅಂದುಕೊಂಡದ್ದನ್ನೂ ಹೇಳಿದೆ.

ಅವರ ಕೈ ಮಿಡಿ ಆರಿಸುವುದನ್ನು ನಿಲ್ಲಿಸಲಿಲ್ಲ. ತೊಟ್ಟಿದ್ದದ್ದು ಬಲಕ್ಕೆ, ಮುರಿದದ್ದು ಎಡಕ್ಕೆ.

"ಆರು ಅಂತ ಯಾಕೆ ಬರದ್ರಿ?"

"ಮಿಡಿ ಹಾಳಾಗಬಾರದು ಅಂತ."

"ಆಗ್ಲಿಲ್ಲ ಅಲ್ದಾ?"

"ಆಗ್ಲಿಲ್ಲ."

ಇನ್ನಷ್ಟು ಮಿಡಿ ಬಲಕ್ಕೂ ಎಡಕ್ಕೂ ಹೋದವು.

"ಅವತ್ತು ನಾ ಕೇಳಿದ್ದೆ, ಕಾಯಬೋದಾ ಅಂತ."

"ಕೇಳಿದ್ರಿ."

"ನೀವು ಗಡಿಯಾರ ನೋಡಿದ್ರಿ."

"ಹೌದು."

"ನಾ ನಿಮ್ಮ ಮುಖ ನೋಡಿದೆ" ಎಂದರು. ದನಿ ಏರಿರಲಿಲ್ಲ. "ಲ್ಯಾಬಮ್ಮ ಓದ್ದೋರು, ಕಾಯಂಗಿದ್ರೆ ಹೇಳ್ತಿದ್ರು ಅನ್ಕಂಡೆ."

ಗಿರಿಜಕ್ಕ ಕಾಫಿ ತಂದು ನನ್ನ ಮುಂದೆ ಇಟ್ಟರು. ಅವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು ಎಂಬುದು ಮುಖದಲ್ಲಿ ಗೊತ್ತಾಗುತ್ತಿತ್ತು. ಕುಡಿಯಿರಿ ಎನ್ನಲಿಲ್ಲ. ಕುಡಿದೆ. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದಾಗ ಹೂವಪ್ಪಣ್ಣ, "ಕೊಡೇ ಅವ್ರಿಗೊಂದಿಷ್ಟು" ಎಂದರು. ಗಿರಿಜಕ್ಕ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಬಲಗಡೆಯ ರಾಶಿಯಿಂದ ಎರಡು ಬೊಗಸೆ ಮಿಡಿ ತೆಗೆದು ಬಟ್ಟೆಯ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು.

ಅಂಗಳ ದಾಟುವಾಗ ನಾನು ಬಹುಶಃ ಬೇಗ ಬೇಗ ನಡೆಯುತ್ತಿದ್ದೆ. ಹಿಂದಿನಿಂದ ಹೂವಪ್ಪಣ್ಣ ಕೂಗಿದರು.

"ನಿಧಾನ ಹೋಗಿ. ನಾಳೆ ಉಪ್ಪಿಗೆ ಹಾಕಿದ್ರೂ ಏನೂ ಆಗಲ್ಲ ಅದಕ್ಕೆ."